ನಮ್ಮ ಪೈಕಿಯಲ್ಲದ ಕೌನ್ಸೆಲರ್

ಎರಡು ವರ್ಷ ನಾನು ರಾಮದುರ್ಗಕ್ಕೆ ಹೋಗಲಿಲ್ಲ. ಅಲ್ಲಿ ನನ್ನ ಅಕ್ಕ ಇದ್ದಾಳೆ, ನನಗಿಂತ ಆರು ವರ್ಷ ದೊಡ್ಡವಳು. ಸೊಂಟದ ಎಲುಬು ಮುರಿದ ಮೇಲೆ ಮಂಚದಿಂದ ಕಿಟಕಿಯವರೆಗಿನ ನಾಲ್ಕು ಹೆಜ್ಜೆಯೇ ಅವಳ ಓಡಾಟ. ಅವಳು ಬರಲಾರಳು, ಹೋಗಬೇಕಾದವಳು ನಾನೇ. ಬೈಲಹೊಂಗಲದಿಂದ ಒಂದೇ ಬಸ್ಸು, ಇಳಿದು ಹತ್ತುವ ರಗಳೆಯೂ ಇಲ್ಲ. ಆದರೆ ಆ ಬಸ್ಸಿನಲ್ಲಿ ಕೂರುವುದೇ ನನ್ನಿಂದ ಆಗುತ್ತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಶುರುವಾದದ್ದು ಅದು. ಬಸ್ಸು ತುಂಬಿ ತುಳುಕುತ್ತಿತ್ತು. ಮುರಗೋಡ ಸಮೀಪಿಸುವಾಗ ಎದೆ ಬಿಗಿದು, ಅಂಗೈ ಬೆವತು, ಉಸಿರು ಗಂಟಲಲ್ಲೇ ನಿಂತಿತು. ಹಾರ್ಟ್ ಅಟ್ಯಾಕ್ ಎಂದೇ ತಿಳಿದೆ. ಮುರಗೋಡದಲ್ಲಿ ಇಳಿದು ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಇಸಿಜಿ ಮಾಡಿಸಿದೆ, ಪರ್ಫೆಕ್ಟ್ ಎಂದರು. ಮುಂದಿನ ಸಲವೂ ಅಲ್ಲೇ, ಹಾಗೆಯೇ ಇಳಿದೆ. ಮೂರನೆಯ ಸಲ ಬಸ್‌ಸ್ಟ್ಯಾಂಡಿನಿಂದಲೇ ವಾಪಸು ಬಂದೆ. ಕಾರಿನಲ್ಲಿ ಗಾಜು ಏರಿಸಿದರೂ ಅದೇ ಪಾಡು. ಅಕ್ಕನಿಗೆ ಫೋನಿನಲ್ಲಿ ಒಮ್ಮೆ ಮೊಣಕಾಲು ಅಂದೆ, ಒಮ್ಮೆ ಮಳೆ ಅಂದೆ. ನಾನು ಓದಿದ ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿದ ಸತ್ಯವೆಲ್ಲ ಆ ಎರಡು ವರ್ಷದಲ್ಲಿ ಖರ್ಚಾಗಿಹೋಯಿತು.

ನಮ್ಮ ಫ್ಯಾಮಿಲಿ ಡಾಕ್ಟರು ಇದಕ್ಕೆ ಪ್ಯಾನಿಕ್ ಅನ್ನುತ್ತಾರೆ, ಗುಳಿಗೆಗಿಂತ ಮೊದಲು ಒಬ್ಬ ಸೈಕಾಲಜಿಸ್ಟ್ ಹತ್ತಿರ ಮಾತನಾಡಿ ನೋಡಿ ಎಂದರು. ಮಾತನಾಡುವುದು ಎಂದಾಗ ನನಗೆ ನೆನಪಾದದ್ದು ಬೋರ್ಡಿಂಗಿನ ದಿನಗಳು. ಶನಿವಾರ ಕ್ಯಾಥೊಲಿಕ್ ಹುಡುಗಿಯರು ಚಾಪೆಲ್ಲಿನ ಕನ್ಫೆಷನ್ ಪೆಟ್ಟಿಗೆಯೊಳಗೆ ಹೋಗಿ, ಪಾದ್ರಿಗೆ ತಪ್ಪುಗಳನ್ನು ಹೇಳಿಕೊಂಡು, ಐದು ನಿಮಿಷದಲ್ಲಿ ಮುಖ ತೊಳೆದವರ ಹಾಗೆ ಹೊರಬರುತ್ತಿದ್ದರು. ಹೊರಗಿನ ಬೆಂಚಿನ ಮೇಲೆ ಕೂತ ನಮಗೆಲ್ಲ ಎಂಥ ಹೊಟ್ಟೆಕಿಚ್ಚು. ಇದೂ ಅಷ್ಟೇ ಸಲೀಸು ಎಂದುಕೊಂಡೆ. ನನ್ನ ತಪ್ಪುಗಳಲ್ಲಿ ಇದು ಸಣ್ಣದು.

ದೊಡ್ಡ ತಪ್ಪನ್ನು ನಾನು ಮತ್ತು ನನ್ನ ನಾದಿನಿ ಕೂಡಿ ಮಾಡಿದೆವು. ನಾದಿನಿ ಎಂದರೆ ನನ್ನ ಯಜಮಾನರ ತಂಗಿ, ನಮ್ಮ ಹಿಂದಿನ ಓಣಿಯಲ್ಲೇ ಇರುವವಳು. ಸುದ್ದಿ ಕೇಳಿ ಮೊದಲು ಸಿಟ್ಟಾದಳು.

“ಮಾತಾಡಾಕ ನಾ ಇಲ್ಲೇನು ವೈನಿ? ದಿನಾ ಬರ್ರಿ, ನಾ ಪುಕ್ಕಟ ಕೇಳ್ತೇನಿ.”

“ನೀ ಕೇಳೂದು ಯಾವಾಗ? ಉಸಿರು ತಗೊಳ್ಳಾಕರೆ ಬಾಯಿ ಮುಚ್ಚತೀಯೇನು?”

“ಹಂಗಂದ್ರ ಹೊರಗಿನವರ ಕಡೆ ಯಾಕ? ಕಿತ್ತೂರಾಗ ನಮ್ಮವರ ಕಾಕಾನ ಮೊಮ್ಮಗನ ಹೆಂಡ್ತಿ ಅದನ್ನ ಮಾಡ್ತಾಳ. ನಮ್ಮ ಪೈಕಿ ಇದ್ದಾಕಿ, ಮನಸ್ಸಿಟ್ಟು ನೋಡ್ತಾಳ.”

ನಮ್ಮ ಕಡೆ ದರ್ಜಿಯಿಂದ ಹಿಡಿದು ಹಲ್ಲಿನ ಡಾಕ್ಟರವರೆಗೆ ಎಲ್ಲರನ್ನೂ ಹೀಗೇ ಆರಿಸುವುದು. ಯಾವ ಊರು, ಯಾರ ಪೈಕಿ, ತವರುಮನೆ ಎಲ್ಲಿ ಎಂದು ಕೇಳಿ ಒಂದು ಎಳೆ ಸಿಕ್ಕಿತೆಂದರೆ ನೆಮ್ಮದಿ. ನನಗೂ ಅದು ಸರಿಯೆನ್ನಿಸಿತು. ಆಟೋ ಮಾಡಿಕೊಂಡು ಹೊರಟೆವು. ಆಟೋದ ಎರಡೂ ಬದಿ ತೆರೆದಿರುತ್ತದೆ, ಹಾಗಾಗಿ ನನಗೆ ಹೆದರಿಕೆ ಇರಲಿಲ್ಲ. ರಕ್ತ ತೆಗೆಯಬಹುದೆಂದು ನಾನು ನಾಷ್ಟಾ ಮಾಡಿರಲಿಲ್ಲ. ತೊಡೆಯ ಮೇಲೆ ಇಸಿಜಿ, ಬಿಪಿ, ಹಳೆಯ ಎಕ್ಸ್‌ರೇಗಳ ಫೈಲು. ನಾದಿನಿಯ ತೊಡೆಯ ಮೇಲೆ ತೆಂಗಿನಕಾಯಿ, ಅಕ್ಕಿ, ಜಂಪರ್ ಪೀಸು. ಆ ಹುಡುಗಿಯ ಮದುವೆಗೆ ನಮ್ಮಿಂದ ಹೋಗಲಾಗಿರಲಿಲ್ಲ. ಮೊದಲ ಸಲ ನೋಡುವ ಸೊಸೆಗೆ ಉಡಿ ತುಂಬದೆ ಬರುವುದು ಹೇಗೆ?

ಕಿತ್ತೂರಿನ ಆ ಕೋಣೆ ಪುಟ್ಟದಾಗಿ, ಚೊಕ್ಕಟವಾಗಿತ್ತು. ಹುಡುಗಿ ನಗುತ್ತ ಎದ್ದು ಬಂದಳು. ನಾದಿನಿ ಅವಳನ್ನು ಅವಳದೇ ಕುರ್ಚಿಯಲ್ಲಿ ಕೂರಿಸಿ, ಸೆರಗು ಒಡ್ಡಿಸಿ ಉಡಿ ತುಂಬಿದಳು. ಆಮೇಲೆ ಎದುರಿಗೆ ಕೂತು, ನನ್ನ ಕಾಯಿಲೆಯ ಪುರಾಣ ತಾನೇ ಶುರುಮಾಡಿದಳು. ಹುಡುಗಿ ಕೈಮುಗಿದಳು.

“ಅತ್ತಿ, ಉಡಿ ತುಂಬಿಸ್ಕೊಂಡೆ, ಭಾಳ ಚಲೋ ಅನಿಸ್ತು. ಆದ್ರ ಇವರನ್ನ ನಾ ನೋಡೂದು ಆಗೂದಿಲ್ರಿ.”

“ಯಾಕವಾ? ಮನಿಯವರಂತ ಬಂದೇವಿ.”

“ಮನಿಯವರಂತನ ಆಗೂದಿಲ್ರಿ. ನಾಳೆ ಯಾರದರೆ ಮುಂಜಿವ್ಯಾಗ ಪಂಕ್ತಿಗೆ ಬಾಜೂಕ ಕೂಡತೇವಿ. ಇಲ್ಲಿ ಅತ್ತಿದ್ದು ಅಲ್ಲಿ ನೆನಪಾತಂದ್ರ ಇವರಿಗೆ ಹೋಳಗಿ ಇಳೀತೈತೇನ್ರಿ?”

ನಾದಿನಿ ಅವಮಾನವಾದವಳಂತೆ ಮುಖ ಗಂಟಿಕ್ಕಿದಳು. ನನಗೆ ಮಾತ್ರ ಆ ಹುಡುಗಿಯ ಮಾತು ಒಳಗೆಲ್ಲೋ ತಾಗಿತು. ನಾನು ಹೇಳಬೇಕೆಂದಿದ್ದದ್ದರಲ್ಲಿ ಅರ್ಧ ನಾದಿನಿಯ ಬಗ್ಗೆಯೇ ಇತ್ತು.

ಹುಡುಗಿ ನಮಗೆ ಚಹಾ, ಅವಲಕ್ಕಿ ಕೊಟ್ಟಳು. ಹಸಿದ ಹೊಟ್ಟೆಯಲ್ಲಿ ನಾನು ಎರಡು ಪ್ಲೇಟು ತಿಂದೆ. ತಿನ್ನುವಾಗ ಅವಳು ಹೇಳಿದ್ದನ್ನು, ಹೊಸದಾಗಿ ಹೋಗುವವರಿಗೆ ನಾನು ಈಗಲೂ ಹೇಳುತ್ತಿರುತ್ತೇನೆ. “ಏನ್ ಕಲ್ತೀರಿ, ಎಲ್ಲಿ ಕಲ್ತೀರಿ ಅಂತ ಕೇಳ್ರಿ. ನನ್ನಂಥಾ ತ್ರಾಸು ಇದ್ದವರನ್ನ ಮೊದಲ ನೋಡೀರೇನು ಅಂತ ಕೇಳ್ರಿ. ಫೀಸು, ಟೈಮು, ಎಲ್ಲಾ ಮೊದಲ ಕೇಳ್ರಿ. ಅಂಗಡ್ಯಾಗ ಹತ್ತು ಸೀರಿ ಬಿಚ್ಚಿಸಿ ನೋಡ್ತೀರಲ್ಲ, ಇಲ್ಲಿ ಯಾಕ ಸಂಕೋಚ? ಮನಸ್ಸಿಗೆ ಹೊಂದಲಿಲ್ಲಂದ್ರ ಬ್ಯಾರೇವರ ಕಡೆ ಹೋಗ್ರಿ, ಯಾರೂ ಸಿಟ್ಟಾಗೂದಿಲ್ಲ.” ಸವದತ್ತಿಯಲ್ಲಿರುವ ಇನ್ನೊಬ್ಬ ಕೌನ್ಸೆಲರ್‌ಳ ನಂಬರು ಕೊಟ್ಟಳು. ಪ್ರತಿ ಗುರುವಾರ ಬೈಲಹೊಂಗಲಕ್ಕೇ ಬಂದು ನೋಡುತ್ತಾಳಂತೆ.

ಮುಂದಿನ ಗುರುವಾರ ನಾದಿನಿಯ ಜೊತೆ ಅವಳ ಹತ್ತಿರ ಹೋದೆ. ಈ ಕೌನ್ಸೆಲರ್ ಮೂಲತಃ ಕಾರವಾರದ ಕಡೆಯವಳು, ನಮ್ಮ ಭಾಗದಲ್ಲಿ ನಂಟು ಎಂಬುದು ಇಲ್ಲವೇ ಇಲ್ಲ. ರೂಢಿಯಂತೆ, ನೀವು ಯಾರ ಪೈಕಿ ಎಂದು ಕೇಳಿಯೇಬಿಟ್ಟೆ. “ಇಲ್ಲಿ ಯಾರ ಪೈಕಿಯೂ ಅಲ್ಲ ಅಮ್ಮ,” ಎಂದಳು. ಫೈಲನ್ನು ಪಕ್ಕಕ್ಕಿಟ್ಟಳು. ನಾದಿನಿಯನ್ನು ಬಹಳ ವಿನಯದಿಂದ ಹೊರಗಿನ ಬೆಂಚಿಗೆ ಕಳಿಸಿದಳು. ಆಮೇಲೆ ಕರಾರುಗಳನ್ನು ಹೇಳಿದಳು. ಐವತ್ತು ನಿಮಿಷ, ಹೆಚ್ಚಿಲ್ಲ ಕಡಿಮೆಯಿಲ್ಲ. ಬರಲಾಗದಿದ್ದರೆ ಒಂದು ದಿನ ಮೊದಲೇ ತಿಳಿಸಬೇಕು. ತಾನು ಗುಳಿಗೆ ಬರೆಯುವವಳಲ್ಲ, ಅಗತ್ಯಬಿದ್ದರೆ ಅದಕ್ಕೆ ಸೈಕಿಯಾಟ್ರಿಸ್ಟ್ ಬೇರೆ. ಇಲ್ಲಿ ಆಡಿದ್ದು ಕಾನ್ಫಿಡೆನ್ಶಿಯಲ್, ಆದರೆ ನನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಎನ್ನಿಸಿದರೆ ಸುಮ್ಮನಿರುವುದಿಲ್ಲ, ಸಾಧ್ಯವಾದಷ್ಟು ನನಗೆ ಹೇಳಿಯೇ ಮುಂದುವರಿಯುವುದು.

“ಇದೆಲ್ಲ ಮುಗಿದಾಗ ನಿಮಗೆ ಏನು ಆಗಿರಬೇಕು?” ಎಂದು ಕೇಳಿದಳು.

ದೊಡ್ಡ ಮಾತು ಹುಡುಕಿದೆ. ಪೀಸ್ ಆಫ್ ಮೈಂಡ್ ಎನ್ನಲೇ ಎಂದುಕೊಂಡೆ. ಬಾಯಿಗೆ ಬಂದದ್ದು, “ರಾಮದುರ್ಗಕ್ಕ ಹೋಗಬೇಕು, ಅಕ್ಕನ್ನ ನೋಡಬೇಕು.” ಅವಳು ಅಷ್ಟನ್ನೇ ಬರೆದುಕೊಂಡಳು.

ಎರಡನೆಯ ಗುರುವಾರದ ನಂತರ ನಾನು ಮೊದಲಿಗಿಂತ ಹದಗೆಟ್ಟೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಯಜಮಾನರು ತೀರಿಕೊಂಡ ವಿಷಯ, ಅಕ್ಕ ಪ್ರತಿ ಭೇಟಿಗೂ ಇನ್ನಷ್ಟು ಸಣ್ಣಗಾಗಿ ಕಾಣುತ್ತಿದ್ದ ವಿಷಯ ಎಲ್ಲ ಹೊರಬಿದ್ದು, ನಾಲ್ಕು ದಿನ ಅನ್ನದ ಮುಂದೆ ಕೂತರೆ ಕಣ್ಣೀರು. ಮುಂದಿನ ವಾರ ನೆಗಡಿ ಎಂದು ಸುಳ್ಳು ಹೇಳಲು ಫೋನು ಕೈಗೆತ್ತಿಕೊಂಡಿದ್ದೆ. ಆಮೇಲೆ ಹೋಗಿ ಆ ಸುಳ್ಳಿನ ಸಂಗತಿಯನ್ನೇ ಅವಳಿಗೆ ಹೇಳಿದೆ. “ಹೇಳಿದ್ದು ಒಳ್ಳೆಯದಾಯಿತು, ನಾವು ಸ್ವಲ್ಪ ನಿಧಾನ ಹೋಗೋಣ,” ಎಂದಳು. ಬಸ್ಸಿನ ಭಯಕ್ಕೂ ಅಕ್ಕನ ಮೈ ಇಳಿದದ್ದಕ್ಕೂ ಎಷ್ಟು ಸಂಬಂಧವೋ, ನನಗೆ ಇಂದಿಗೂ ಪೂರ್ತಿ ಗೊತ್ತಿಲ್ಲ. ಅವಳೂ ಒತ್ತಿ ಹೇಳಲಿಲ್ಲ.

ಅಲ್ಲಿಂದ ಹೋಮ್‌ವರ್ಕ್ ಶುರು. ಮೊದಲ ವಾರ ನಿಂತ ಬಸ್ಸಿನಲ್ಲಿ ಹತ್ತು ನಿಮಿಷ ಕೂತು ಇಳಿಯುವುದು. ಕಂಡಕ್ಟರು ನನ್ನನ್ನು ಎರಡು ದಿನ ನೋಡಿದ.

“ಅಜ್ಜಿ, ಈ ಬಸ್ಸು ಇನ್ನ ಅರ್ಧಾ ತಾಸು ಬಿಡೂದಿಲ್ರಿ.”

“ಗೊತ್ತೈತಪಾ. ಬಿಡೂದಿಲ್ಲಂತನ ಕುಂತೇನಿ.”

ಮೂರನೆಯ ದಿನ ಅವನೇ ಕಿಟಕಿಯ ಸೀಟು ಒರೆಸಿಕೊಟ್ಟು, “ಕೂಡ್ರಿ, ನಿಮ್ಮ ಟೈಮ್ ಆತು,” ಎಂದ.

ಆಮೇಲೆ ಒಂದು ಸ್ಟಾಪು. ಆಮೇಲೆ ನಾದಿನಿಯ ಜೊತೆ ಮುರಗೋಡದವರೆಗೆ, ಮತ್ತೆರಡು ವಾರಕ್ಕೆ ಒಬ್ಬಳೇ. ಒಮ್ಮೆ ಅರ್ಧ ದಾರಿಯಲ್ಲೇ ಇಳಿದುಬಿಟ್ಟೆ, ಸೋತೆ ಅಂದುಕೊಂಡೆ. ಕೌನ್ಸೆಲರ್ ಅದನ್ನೂ ಮಾಡಿದ ಕೆಲಸವೆಂದೇ ಎಣಿಸಿದಳು.

ಪುಷ್ಯದ ಬನದ ಹುಣ್ಣಿಮೆ ಕಳೆದ ವಾರ ರಾಮದುರ್ಗದ ಟಿಕೀಟೇ ತೆಗೆಸಿದೆ. ಯರಗಟ್ಟಿ ದಾಟಿದ ಮೇಲೆ ಬಂತು ಅದು, ಅದೇ ಬಿಗಿತ, ಅದೇ ಬೆವರು. ಹೊಡೆದೋಡಿಸಲು ಹೋಗಬೇಡಿ, ಬಂದದ್ದು ತಾನಾಗಿ ಇಳಿಯುತ್ತದೆ ಎಂದು ಕೌನ್ಸೆಲರ್ ಹೇಳಿದ್ದಳು. ಮುಂದಿನ ಸೀಟಿನ ಕಂಬಿ ಹಿಡಿದು, ಹೊರಗೆ ಕಡಲೆಯ ಹೊಲ ನೋಡುತ್ತ ಕೂತೆ. ಬಾಜೂ ಸೀಟಿನ ಹೆಂಗಸು, “ಯಾಕ್ರಿ, ಆರಾಮಿಲ್ಲೇನು?” ಎಂದಳು. “ಹೆದರಿಕಿ ಬಂದೈತ್ರಿ, ಈಗ ಹೋಗ್ತೈತಿ,” ಎಂದೆ. ಅವಳು ಹೌದೇನು ಎಂಬಂತೆ ತಲೆಯಾಡಿಸಿ, ಕೈಗೆ ಒಂದು ಪೇರಲ ಹಣ್ಣು ಕೊಟ್ಟಳು. ಸಾಲಹಳ್ಳಿ ಬರುವಷ್ಟರಲ್ಲಿ ಉಸಿರು ಸರಾಗವಾಗಿತ್ತು.

ಅಕ್ಕನ ಸೊಸೆ ಬಾಗಿಲು ತೆಗೆದು ನನ್ನನ್ನೇ ನೋಡುತ್ತ ನಿಂತಳು. ಒಳಗಿನಿಂದ ಅಕ್ಕ, “ಯಾರದು?” ಎಂದಳು. ಹೋಗಿ ಮಂಚದ ಅಂಚಿಗೆ ಕೂತೆ. ನಿಜಕ್ಕೂ ಸಣ್ಣಗಾಗಿದ್ದಳು. ನನ್ನ ಕಡೆ ತಿರುಗಿ ಕೇಳಿದಳು.

“ಮಳಿ ನಿಂತಿತೇನು ನಿಮ್ಮೂರಾಗ?”

“ಮಳಿ ಇರಲಿಲ್ಲ ಅಕ್ಕ. ಬಸ್ಸು ಹತ್ತಾಕ ಹೆದರಿಕಿ ಬರತಿತ್ತು. ಹೇಳಾಕ ನಾಚಿಕಿ.”

“ಅಷ್ಟು ಇಂಗ್ಲಿಷ್ ಕಲ್ತಾಕಿ, ಅಷ್ಟು ಹೇಳಾಕ ಬರಲಿಲ್ಲೇನು? ನೀ ನನ್ನ ಮ್ಯಾಲೆ ಸಿಟ್ಟಾಗೀ ಅಂತ ತಿಳ್ಕೊಂಡಿದ್ದೆ ಹುಡುಗಿ, ಎರಡು ವರ್ಷ.”

ಸಂಜೆಯ ಬಸ್ಸಿಗೆ ಹಿಂದಿರುಗುವುದೆಂದು ಹೋದವಳು ಎಂಟು ದಿನ ಉಳಿದೆ. ಬುಧವಾರ ಕೌನ್ಸೆಲರ್‌ಗೆ ಫೋನು ಮಾಡಿ, ನಾಳೆ ಬರಲಾಗುವುದಿಲ್ಲ, ನಾನು ರಾಮದುರ್ಗದಲ್ಲಿದ್ದೇನೆ ಎಂದೆ. “ಹಾಗಾದರೆ ಮೊದಲು ಅಕ್ಕನ ಹತ್ತಿರ ಮಾತನಾಡಿ ಮುಗಿಸಿ,” ಎಂದಳು. ಅದು ಮುಗಿಯುವ ಹಾಗೆ ಇರಲಿಲ್ಲ. ಅಕ್ಕ ಆಗಲೇ ಮಂಚದಿಂದ, “ಫೋನ್ ಇಡು, ಇಲ್ಲಿ ಬಾ,” ಎಂದು ಕರೆಯುತ್ತಿದ್ದಳು.