ಪ್ರೆಸ್ ಶೆಡ್ಡಿಗೆ ಒಂದು ಮಾತು

ಬೆಳಗಿನ ಐದೂ ಮುಕ್ಕಾಲು. ಮಾಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆ. ಮಾಸ್ತಿ ಕಡೆಯಿಂದ ಬಂದ ಕಂಪನಿ ಬಸ್ಸು ಈಗಷ್ಟೇ ಹೆಂಗಸರನ್ನು ಇಳಿಸಿದೆ. ಪ್ರೆಸ್ ಶೆಡ್ಡಿನ ಬಾಗಿಲಲ್ಲಿ ಮುನಿಯಲ್ಲಮ್ಮ ನಿಂತಿದ್ದಾರೆ. ಎದುರಿಗೆ ನಿನ್ನೆ ತಾನೇ ಕೆಲಸಕ್ಕೆ ಸೇರಿದ ಮೂವರು ಹುಡುಗಿಯರು. ಇಬ್ಬರು ಒಡಿಶಾದವರು, ಒಬ್ಬಳು ಅಸ್ಸಾಮಿನವಳು. ಮುನಿಯಲ್ಲಮ್ಮ ಎರಡೂ ಅಂಗೈ ಮುಂದೆ ಚಾಚಿ, ಗಂಟಲು ಹರಿಯುವಂತೆ ‘ಹಾತ್’ ಎಂದು ಕೂಗಿ, ಕೈಗಳನ್ನು ಎದೆಗೆ ಎಳೆದುಕೊಳ್ಳುತ್ತಾರೆ. ಹುಡುಗಿಯರೂ ಹಾಗೇ ಮಾಡುತ್ತಾರೆ. ಹತ್ತು ಸಲ ಆದ ಮೇಲೆ ಪರೀಕ್ಷೆ. ಮುನಿಯಲ್ಲಮ್ಮ ಅವರ ಬೆನ್ನ ಹಿಂದೆ ಹೋಗಿ, ಮಾತಾಡುತ್ತಾ ಮಾತಾಡುತ್ತಾ ಥಟ್ಟನೆ ಕೂಗುತ್ತಾರೆ. ಅಸ್ಸಾಮಿನ ಹುಡುಗಿ ನಗುತ್ತಾ ತಡವಾಗಿ ಕೈ ಎಳೆದುಕೊಳ್ಳುತ್ತಾಳೆ. ಅವಳಿಗೆ ಇವತ್ತು ಯಂತ್ರ ಇಲ್ಲ, ಡಬ್ಬಿ ತುಂಬುವ ಕೆಲಸ.

ಇದನ್ನು ಕಲಿಸಿ ಎಂದು ಮುನಿಯಲ್ಲಮ್ಮನವರಿಗೆ ಯಾರೂ ಹೇಳಿಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಶೆಡ್ಡಿನಲ್ಲಿದ್ದಾರೆ, ಈಗಲೂ ಗುತ್ತಿಗೆ ಕೆಲಸವೇ. ಇಲ್ಲಿ ಸ್ಕೂಟರಿನ ಬಿಡಿಭಾಗ ತಯಾರಾಗುತ್ತದೆ. ಕೆಳಗಿನ ಅಚ್ಚಿನ ಮೇಲೆ ತಗಡು ಇಡಬೇಕು, ಪೆಡಲ್ ಒತ್ತಬೇಕು, ಮೇಲಿನ ಅಚ್ಚು ದಢಾರನೆ ಬಿದ್ದು ಎದ್ದ ಮೇಲೆ ಕೈ ಹಾಕಿ ಪೀಸ್ ತೆಗೆಯಬೇಕು. ಒಂದು ಪಾಳಿಗೆ ಒಬ್ಬೊಬ್ಬರೂ ಎರಡು ಸಾವಿರದ ನಾನೂರು ಪೀಸ್ ಕೊಡಬೇಕು. ಅಂದರೆ ಒಂದೊಂದು ಕೈಯೂ ದಿನಕ್ಕೆ ಅಷ್ಟು ಸಲ ಆ ಬಾಯೊಳಗೆ ಹೋಗಿ ಬರಬೇಕು.

ಶೆಡ್ಡಿನಲ್ಲಿ ನಲವತ್ತೆರಡು ಹೆಂಗಸರಿದ್ದಾರೆ. ಹತ್ತೊಂಬತ್ತು ಮಂದಿ ನಮ್ಮ ಕಡೆಯವರು, ಹನ್ನೊಂದು ಮಂದಿ ಒಡಿಶಾದವರು, ಏಳು ಅಸ್ಸಾಂ, ಐದು ಬಿಹಾರ. ಕಳೆದ ವರ್ಷ ಕಂಪನಿಯವರು ‘ವೈವಿಧ್ಯ ದಿನ’ ಮಾಡಿದರು. ಎಲ್ಲರೂ ಅವರವರ ಊರಿನ ಉಡುಗೆ ಉಟ್ಟುಕೊಂಡು ಬರಬೇಕೆಂದು ಹೇಳಿ, ಫೋಟೋ ಹಿಡಿದು, ಲಾಡು ಹಂಚಿ, ಗೇಟಿನ ಮೇಲೆ ‘ನಾವೆಲ್ಲ ಒಂದೇ ಕುಟುಂಬ’ ಎಂಬ ಫ್ಲೆಕ್ಸ್ ಕಟ್ಟಿದರು. ನೋಡಲು ಚೆನ್ನಾಗಿಯೇ ಇದೆ. ಆದರೆ ಯಂತ್ರದ ಪಕ್ಕದ ಎಚ್ಚರಿಕೆಯ ಫಲಕ ಆಗಲೂ ಇಂಗ್ಲಿಷು ಮತ್ತು ಕನ್ನಡದಲ್ಲೇ ಇತ್ತು, ಈಗಲೂ ಹಾಗೇ ಇದೆ. ಇಪ್ಪತ್ಮೂರು ಹೆಂಗಸರಿಗೆ ಅದು ಬರೀ ಗೋಡೆ. ನನಗೆ ಈ ಫ್ಲೆಕ್ಸ್ ಕಟ್ಟುವವರ ಮೇಲೆ ಸಿಟ್ಟು ಬರುವುದು ಇಂಥ ಕಡೆ.

ಮಾತು ತಿಳಿಯದ ಕಷ್ಟ ಮುನಿಯಲ್ಲಮ್ಮನವರಿಗೆ ಹೊಸದೇನಲ್ಲ. ಅವರು ಹುಟ್ಟಿದ್ದು ಮುಳಬಾಗಿಲಿನ ತಾಯಲೂರು ಹತ್ತಿರದ ಹಳ್ಳಿಯಲ್ಲಿ. ಮನೆಮಾತು ತೆಲುಗು. ಮದುವೆಯಾಗಿ ಮಾಸ್ತಿ ಕಡೆ ಬಂದಾಗ ಕನ್ನಡ ಅಷ್ಟಕ್ಕಷ್ಟೇ. ‘ನಮ್ಮತ್ತೆ ಬೇಗ ರೆಡಿ ಆಗು ಅನ್ನೋರು. ನಮ್ಮ ತೆಲುಗಲ್ಲಿ ಆಗು ಅಂದ್ರೆ ನಿಲ್ಲು ಅಂತ. ನಾನು ನಿಂತ್ಕೊಂಬಿಡ್ತಿದ್ದೆ, ಅವರು ಬಯ್ಯೋರು’ ಎನ್ನುತ್ತಾರೆ. ಹೇಳುವಾಗ ನಗುತ್ತಾರೆ. ಮುಂದಿನದನ್ನು ಹೇಳುವಾಗ ನಗುವುದಿಲ್ಲ.

ಕಳೆದ ಗೌರಿ ಹಬ್ಬದ ಮಾರನೇ ವಾರ. ಒಡಿಶಾದ ಸಂಜುಕ್ತಾ, ಇಪ್ಪತ್ತೆರಡು ವರ್ಷದವಳು, ಕೆಲಸಕ್ಕೆ ಸೇರಿ ಹದಿನೆಂಟು ದಿನವಾಗಿತ್ತು. ಅವಳಿಗೆ ಕೆಲಸ ಕಲಿಸಿದ್ದು ಮುನಿಯಲ್ಲಮ್ಮನವರೇ. ಅವಳು ಕಲಿತ ಮೊದಲ ಕನ್ನಡದ ಮಾತು ‘ತೆಗಿ’. ಅಚ್ಚು ಮೇಲೆದ್ದ ಕೂಡಲೇ, ಪೀಸ್ ತೆಗಿ. ದಿನವಿಡೀ ಅದೇ ಪಾಠ. ಆವತ್ತು ಸಂಜುಕ್ತಾ ಪೀಸ್ ತೆಗೆಯಲು ಕೈ ಹಾಕಿದಾಗ, ಪೆಡಲ್ ಒತ್ತದಿದ್ದರೂ ಮೇಲಿನ ಅಚ್ಚು ಜಾರತೊಡಗಿತು. ಎರಡು ಯಂತ್ರದಾಚೆ ಇದ್ದ ಮುನಿಯಲ್ಲಮ್ಮ ಅದನ್ನು ನೋಡಿ ‘ತೆಗಿ, ತೆಗಿ’ ಎಂದು ಕೂಗಿಕೊಂಡರು. ಕೈ ತೆಗಿ ಎಂಬುದು ಅವರ ಮನಸ್ಸಿನಲ್ಲಿದ್ದದ್ದು. ಅರ್ಧ ಹೊರಗೆ ಬಂದಿದ್ದ ಸಂಜುಕ್ತಾಳ ಬಲಗೈ ಮತ್ತೆ ಒಳಗೆ ಹೋಯಿತು. ಎರಡು ಬೆರಳು ಅಲ್ಲೇ ಹೋದವು.

ಅವಳನ್ನು ಕೋಲಾರದ ಆಸ್ಪತ್ರೆಗೆ ಸಾಗಿಸಿದ ಸಂಜೆಯೇ ಸೂಪರ್‌ವೈಸರ್ ಮುನಿಕೃಷ್ಣ ಒಂದು ಹಾಳೆ ತಂದರು. ಕಣ್ಣಾರೆ ಕಂಡವರ ಹೇಳಿಕೆ ಅದು. ಮುನಿಯಲ್ಲಮ್ಮನವರಿಗೆ ಕನ್ನಡ ನಿಧಾನವಾಗಿ ಓದಲು ಬರುತ್ತದೆ. ಓದಲಿಲ್ಲ. ಇದರಲ್ಲಿ ನಿನ್ನ ತಪ್ಪೇನೂ ಇಲ್ಲವೆಂದು ಬರೆದಿದೆ ಎಂದು ಮುನಿಕೃಷ್ಣ ಹೇಳಿದರಂತೆ. ಆ ಹೊತ್ತಿಗೆ ಅವರ ಕಿವಿಗೆ ಬೇಕಾಗಿದ್ದದ್ದೂ ಅದೇ ಮಾತು. ಸಹಿ ಹಾಕಿಬಿಟ್ಟರು.

ಮೂರನೇ ದಿನ ಆಸ್ಪತ್ರೆಗೆ ಹೋದರು. ಕೈ ಈಚೆ ಬಂದಿತ್ತಲ್ಲ, ಮತ್ತೆ ಯಾಕೆ ಹಾಕಿದೆ ಎಂದು ಸಂಜುಕ್ತಾಳನ್ನು ಬಯ್ಯುವ ಹಾಗೇ ಕೇಳಿದರು. ಹುಡುಗಿ ಗಾಬರಿಯಿಂದ ನೋಡಿದಳು. ಕಲಿತಿದ್ದ ನಾಲ್ಕೇ ಮಾತು ಜೋಡಿಸಿ ಹೇಳಿದಳು: ‘ಅಕ್ಕ, ನೀನು ತೆಗಿ ಅಂದೆ.’

ಮುನಿಯಲ್ಲಮ್ಮ ಅಲ್ಲಿಂದ ಬಸ್ ಸ್ಟ್ಯಾಂಡಿಗೆ ಹೇಗೆ ಬಂದರೋ ಅವರಿಗೇ ನೆನಪಿಲ್ಲ. ವಾರಗಟ್ಟಲೆ ಅನ್ನ ಸೇರಲಿಲ್ಲ. ಆಮೇಲೆ ಊಟದ ಬಿಡುವಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, ಕೈಗೆ ನಿಮ್ಮಲ್ಲಿ ಏನನ್ನುತ್ತಾರೆ ಎಂದು ಕೇಳತೊಡಗಿದರು. ಒಡಿಶಾದವರು ಹಾತ ಎಂದರು, ಅಸ್ಸಾಮಿನವರು ಹಾತ್ ಎಂದರು, ಬಿಹಾರದವರು ಹಾಥ್. ನಮ್ಮ ಸಾಬರ ಮನೆ ಹೆಣ್ಣುಮಕ್ಕಳೂ ಅದನ್ನೇ ಅನ್ನುತ್ತಾರೆ. ಇಪ್ಪತ್ಮೂರು ಜನ ಕನ್ನಡ ಕಲಿಯುವ ತನಕ ಯಂತ್ರ ಕಾಯುವುದಿಲ್ಲ, ನಾವೇ ಒಂದು ಮಾತು ಕಲಿತರಾಯಿತು ಎಂದು ತೀರ್ಮಾನಿಸಿದರು. ಶೆಡ್ಡಿನಲ್ಲಿ ಬೇರೆ ಯಾವುದಕ್ಕೂ ಆ ಮಾತು ಬಳಸಕೂಡದು ಎಂಬುದು ಅವರೇ ಮಾಡಿದ ಕಾನೂನು.

ಎಲ್ಲರೂ ಸುಲಭವಾಗಿ ಒಪ್ಪಲಿಲ್ಲ. ಜೊತೆಯಲ್ಲೇ ಹದಿನೈದು ವರ್ಷ ದುಡಿದ ಆಂಜಿನಮ್ಮ ಮುಖ ತಿರುಗಿಸಿದರು. ನಮ್ಮೂರಲ್ಲಿ ನಾವ್ಯಾಕೆ ಅವರ ಭಾಷೆ ಒದರಬೇಕು ಎಂಬುದು ಅವರ ವಾದ. ಆ ಮಾತಿನಲ್ಲಿ ನೋವೂ ಇದೆ, ಇಲ್ಲವೆನ್ನಲಾರೆ. ಮಗಳಿಗೆ ಇದೇ ಕಾರ್ಖಾನೆಯಲ್ಲಿ ಕೆಲಸ ಕೇಳಿ ಸಿಗದ ತಾಯಿ ಆಕೆ. ಮುನಿಯಲ್ಲಮ್ಮ ಜಗಳಕ್ಕೆ ಹೋಗಲಿಲ್ಲ. ‘ಅಚ್ಚಿನ ಕೆಳಗೆ ಬಿದ್ದ ಕೈ ಯಾವ ಭಾಷೇದು ಹೇಳೇ ಆಂಜಿನಮ್ಮ’ ಎಂದರಂತೆ, ಅಷ್ಟೇ. ಆಂಜಿನಮ್ಮ ಇವತ್ತಿಗೂ ಹಾತ್ ಎನ್ನುವುದಿಲ್ಲ. ಬದಲಿಗೆ ಪಕ್ಕದಲ್ಲಿ ಒಂದು ಸ್ಪ್ಯಾನರ್ ಇಟ್ಟುಕೊಂಡಿದ್ದಾರೆ, ಬೇಕಾದಾಗ ಕಂಬಕ್ಕೆ ಬಡಿಯುತ್ತಾರೆ. ಅದಕ್ಕೂ ಕೈಗಳು ಹಿಂದೆ ಬರುತ್ತವೆ.

ಸಂಜುಕ್ತಾಳಿಗೆ ಮಾತ್ರ ಇದ್ಯಾವುದೂ ದಕ್ಕಲಿಲ್ಲ. ಕೈಗಾರಿಕಾ ಪ್ರದೇಶದ ಹಿಂದಿನ ಸಾಲುಮನೆಯ ಒಂದು ಕೋಣೆಯಲ್ಲಿ ನಾಲ್ವರ ಜೊತೆ ಇದ್ದಾಳೆ. ಉಳಿದವರು ಪಾಳಿಗೆ ಹೋದ ಮೇಲೆ ಎಡಗೈಯಲ್ಲಿ ಅಕ್ಕಿ ಆರಿಸುತ್ತಾಳೆ. ಊರಿನಲ್ಲಿ ಇನ್ನೂ ಹೇಳಿಲ್ಲ. ಡಬ್ಬಿ ತುಂಬುವ ಕೆಲಸವಾದರೂ ಕೊಡಿ ಎಂದು ಎರಡು ಸಲ ಗೇಟಿಗೆ ಬಂದಳು. ಕಂಪನಿಯ ವರದಿಯಲ್ಲಿ ‘ಸೂಚನೆ ಪಾಲಿಸದೆ ಕೈ ಹಾಕಿದ್ದರಿಂದ’ ಎಂಬ ಒಂದು ಸಾಲಿದೆ. ಮಾತು ಕೇಳದವಳನ್ನು ಮತ್ತೆ ಒಳಗೆ ಬಿಟ್ಟುಕೊಳ್ಳುವುದಿಲ್ಲವಂತೆ. ಆ ಸಾಲಿನ ಕೆಳಗಿರುವ ಸಹಿ ಮುನಿಯಲ್ಲಮ್ಮನವರದು. ಅದು ಅವರಿಗೆ ಗೊತ್ತಾದದ್ದು ಕಚೇರಿಯ ತ್ರಿವೇಣಿ ಮೇಡಂ ಓದಿ ಹೇಳಿದ ಮೇಲೆ, ಹೋದ ತಿಂಗಳು.

ಬರುವ ಮಂಗಳವಾರ ಕೋಲಾರದಲ್ಲಿ ಕಾರ್ಮಿಕ ಅಧಿಕಾರಿಯ ಮುಂದೆ ಈ ಅಪಘಾತದ ವಿಚಾರಣೆ ಇದೆ. ಮುನಿಯಲ್ಲಮ್ಮ ಹೇಳಿಕೆ ಬದಲಿಸುತ್ತಾರೆ ಎಂದು ತಿಳಿದು ಮುನಿಕೃಷ್ಣ ಕರೆದು ಮಾತಾಡಿದ್ದಾರೆ. ಹಾಗೆ ಹೇಳಿದರೆ ತಪ್ಪು ನಿನ್ನ ತಲೆಗೇ ಬರುತ್ತದೆ, ಮಾರ್ಚಿಗೆ ಗುತ್ತಿಗೆ ಮುಗಿಯುತ್ತದೆ, ಮುಂದಿನದು ನನ್ನ ಕೈಯಲ್ಲಿಲ್ಲ ಎಂದಿದ್ದಾರೆ. ಬೆದರಿಕೆಯೋ ಕಾಳಜಿಯೋ, ಮುನಿಯಲ್ಲಮ್ಮನವರಿಗೂ ತಿಳಿದಿಲ್ಲ. ಗಂಡನಿಗೆ ಸೊಂಟ ಬಿದ್ದು ನಾಲ್ಕು ವರ್ಷ. ಮನೆ ನಡೆಯುವುದು ಇವರೊಬ್ಬರ ದುಡಿಮೆಯಿಂದ. ಐವತ್ತೊಂದರ ವಯಸ್ಸಿನಲ್ಲಿ ಬೇರೆ ಕಾರ್ಖಾನೆ ಗೇಟಿನೊಳಗೂ ಬಿಡುವುದಿಲ್ಲ.

ಕಾರ್ಖಾನೆಯ ಹೆಸರು ಬರೆಯುವುದಿಲ್ಲ, ಬೇಕೆಂದರೆ ನಿಮ್ಮ ಹೆಸರನ್ನೂ ಬದಲಿಸುತ್ತೇನೆ ಎಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಪಾಳಿ ಶುರುವಾಗುವ ಸೈರನ್ ಆಯಿತು.

‘ನನ್ನೆಸ್ರು ಹಾಕಿ ಸಾರ್. ಮಾತು ಕೇಳ್ದೆ ಬೆರಳು ಕಳ್ಕೊಂಡ್ಲು ಅಂತ ಬರ್ದವ್ರೆ ಆ ಮಗೂನ. ಸುಳ್ಳು. ಅವಳು ನನ್ ಮಾತು ಕೇಳೇ ಕಳ್ಕೊಂಡಿದ್ದು.’