ನಾಲ್ಕನೆಯ ತಾಟು

ದೆವ್ವ ಭೂತಗಳ ಮಾತು ಬಂದರೆ ಮೊದಲು ನಗುವವನು ನಾನು. ಮುಂಬಯಿಯ ಬೊರಿವಲಿಯಿಂದ ಫೋರ್ಟಿನ ಬ್ಯಾಂಕಿಗೆ ದಿನವೂ ಲೋಕಲ್‌ನಲ್ಲಿ ಹೋಗಿ ಬರುತ್ತಿದ್ದ ಕಾಲದಲ್ಲಿ, ನಮ್ಮ ರೈಲು ಡಬ್ಬಿಯಲ್ಲಿ ಯಾರಾದರೂ ಅಂಥ ಕತೆ ತೆಗೆದರೆ ಅದನ್ನು ಪ್ರಶ್ನೆ ಕೇಳಿ ಕೇಳಿ ಹರಿದು ಹಾಕುವ ತನಕ ನನಗೆ ಸಮಾಧಾನವಿರುತ್ತಿರಲಿಲ್ಲ. ನೋಡಿದವರು ಯಾರು, ಬೆಳಕು ಎಷ್ಟಿತ್ತು, ಅವನು ಕುಡಿದಿದ್ದನೇ ಎಂದು ಕೇಳುತ್ತ ಹೋದರೆ ದಾದರ್ ಬರುವಷ್ಟರಲ್ಲಿ ಕತೆ ಮುಗಿದು ಹೋಗಿರುತ್ತಿತ್ತು, ಹೇಳಿದವನ ಮುಖ ಸಪ್ಪಗಾಗಿರುತ್ತಿತ್ತು. ಈಗ ನಾನು ಹೇಳಹೊರಟಿರುವುದನ್ನು ನೀವೂ ಹಾಗೆಯೇ ಹರಿದು ಹಾಕಬಹುದು. ನಾನೇ ಎಷ್ಟೋ ಸಲ ಪ್ರಯತ್ನಿಸಿ ನೋಡಿದ್ದೇನೆ, ನನ್ನಿಂದ ಆಗಿಲ್ಲ.

ಐವತ್ತರ ದಶಕದ ನಡುವಿನ ಮಾತು. ನಾವು ನಾಲ್ವರು ಗೆಳೆಯರು. ವಾಸುದೇವ ಉಡುಪಿ ಕಡೆಯವನು, ಫೋರ್ಟಿನ ಒಂದು ಹೋಟೆಲಿನಲ್ಲಿ ದುಡ್ಡಿನ ಗಲ್ಲೆಯ ಮೇಲೆ ಕೂರುತ್ತಿದ್ದ. ಗುರುನಾಥ ವಿಜಾಪುರದವನು, ಬಟ್ಟೆ ಅಂಗಡಿಯಲ್ಲಿ ಕೆಲಸ. ಶಿವಾನಂದ ಬೆಳಗಾವಿ ಕಡೆಯವನು, ಜೋಗೇಶ್ವರಿಯ ಸಣ್ಣ ಕಾರಖಾನೆಯೊಂದರಲ್ಲಿ ಲೇಥ್ ಯಂತ್ರ ನಡೆಸುತ್ತ ಅಲ್ಲೇ ಒಂದು ಚಾಳಿನ ಖೋಲಿಯಲ್ಲಿದ್ದ. ನಾಲ್ಕನೆಯವನು ಧಾರವಾಡದ ನಾನು. ಆ ವರ್ಷ ಗುರುನಾಥನ ತಂಗಿ ಕಮಲಾಳನ್ನು ಶಿವಾನಂದನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಗುರುನಾಥನೇ ಮುಂದೆ ನಿಂತು ಮಾಡಿದ ಸಂಬಂಧ. ತಂದೆಯಿಲ್ಲದ ತಂಗಿಯನ್ನು ತಾನು ಚೆನ್ನಾಗಿ ಬಲ್ಲವನ ಕೈಗೇ ಒಪ್ಪಿಸುತ್ತಿದ್ದೇನೆ ಎಂದು ಅವನಿಗೆ ಎಲ್ಲಿಲ್ಲದ ಹಿಗ್ಗು. ಆ ಹಿಗ್ಗಿಗೆ ಒಂದು ಊಟ ಹಾಕಿಸು ಎಂದು ನಾವು ಅವನ ಬೆನ್ನು ಬಿದ್ದೆವು.

ಉಡುಪಿ ಹೋಟೆಲಿನ ಊಟ ದಿನವೂ ಇದ್ದದ್ದೇ, ಬೇರೆ ಕಡೆ ಹೋಗೋಣ ಎಂದವನು ವಾಸುದೇವ. ಮಾರ್ಕೆಟ್ಟಿನಲ್ಲಿ ತರಕಾರಿ ಕೊಳ್ಳುವಾಗ ಅವನಿಗೆ ಒಬ್ಬ ಜಪಾನೀ ಮುದುಕನ ಪರಿಚಯವಾಗಿತ್ತು. ಯುದ್ಧಕ್ಕೆ ಮುಂಚೆ ಮುಂಬಯಿಯಲ್ಲಿದ್ದು, ಯುದ್ಧ ಬಂದಾಗ ಊರು ಬಿಟ್ಟು, ಮತ್ತೆ ತಿರುಗಿ ಬಂದವನು. ಫೋರ್ಟಿನ ಒಂದು ಗಲ್ಲಿಯಲ್ಲಿ, ಹಳೆಯ ಬಿಲ್ಡಿಂಗಿನ ಮೊದಲ ಮಾಳಿಗೆಯಲ್ಲಿ ತನ್ನ ದೇಶದ ಹತ್ತಿ ವ್ಯಾಪಾರಿಗಳಿಗೆ, ಹಡಗಿನವರಿಗೆ ಸುಶಿ ಮಾಡಿ ಹಾಕುತ್ತಿದ್ದ. ಸುಶಿ ಎಂದರೆ ಹುಳಿ ಹಾಕಿದ ಅನ್ನ, ಮೇಲೆ ಮೀನು. ನಮ್ಮಂಥ ಸಸ್ಯಾಹಾರಿಗಳಿಗೆ ಸೌತೆಕಾಯಿ, ಮೂಲಂಗಿ ಉಪ್ಪಿನಕಾಯಿ ಇಟ್ಟು ಕೊಡುತ್ತಾನೆ ಎಂದು ವಾಸುದೇವ ಭರವಸೆ ಕೊಟ್ಟ. ಒಂದು ರವಿವಾರ ಮಧ್ಯಾಹ್ನ ಸೇರುವುದೆಂದಾಯಿತು.

ನಾವು ಮೂವರು ಹೊತ್ತಿಗೆ ಸರಿಯಾಗಿ ಬಂದೆವು. ಶಿವಾನಂದನ ಪತ್ತೆಯಿಲ್ಲ. ರವಿವಾರದ ಲೋಕಲ್ಲು, ಬರುತ್ತಾನೆ ಎಂದು ಮೊದಲು ಕಾದೆವು, ಆಮೇಲೆ ಬೈದೆವು, ಹಸಿವು ಹೆಚ್ಚಿದ ಮೇಲೆ ಮದುಮಗನಾದ ಕೂಡಲೇ ದಿಮಾಕು ಬಂತು ಎಂದು ಗೇಲಿ ಮಾಡಿದೆವು. ಕೊನೆಗೆ ಉಣ್ಣಲು ಕೂರೋಣವೆಂದರೆ ಗುರುನಾಥ ಒಪ್ಪಲಿಲ್ಲ. ಶುಭಕಾರ್ಯದ ಊಟಕ್ಕೆ ಮೂವರು ಕೂರಬಾರದಂತೆ. ಅವರ ಮನೆಯಲ್ಲಿ ಒಳ್ಳೆಯ ಕೆಲಸಕ್ಕೆ ಮೂವರು ಹೊರಡಬೇಕಾಗಿ ಬಂದರೆ ನಾಲ್ಕನೆಯದಾಗಿ ಒಂದು ಕಲ್ಲನ್ನಾದರೂ ಕಿಸೆಯಲ್ಲಿ ಇಟ್ಟುಕೊಂಡು ಹೋಗುತ್ತಿದ್ದರು. ಮಾಳಿಗೆಯ ಮೇಲೆ ಕಲ್ಲು ಎಲ್ಲಿಂದ ತರುತ್ತೀ ಎಂದು ನಾನು ಕೆಣಕಿದೆ.

"ಕಲ್ಲು ಯಾಕ? ಶಿವ್ಯಾನ ಹೆಸರಿಲೆ ಒಂದು ತಾಟ ಹಚ್ಚಸು. ಬಂದು ಕೂಡತಾನ," ಎಂದು ಅವನು ವಾಸುದೇವನಿಗೆ ಹೇಳಿದ.

ಹಾಗೆ ಖಾಲಿ ಕುರ್ಚಿಯ ಮುಂದೆಯೂ ಒಂದು ತಾಟು, ಅನ್ನದ ಬಟ್ಟಲು, ಕೈಯ ಬದಲು ಅವರು ಉಣ್ಣಲು ಬಳಸುವ ಎರಡು ಕಡ್ಡಿ ಬಂದವು. ಆ ಊಟದ ರುಚಿ ಏನು ಹೇಳಲಿ, ಒಗ್ಗರಣೆ ಮರೆತ ಚಿತ್ರಾನ್ನವನ್ನು ತಣ್ಣಗಾಗಿಸಿ ಬಡಿಸಿದ ಹಾಗಿತ್ತು. ಜೊತೆಗೆ ಗುಲಗಂಜಿಯಷ್ಟು ಒಂದು ಹಸಿರು ಚಟ್ನಿ. ಗುರುನಾಥ ಅದನ್ನು ಪುದೀನಾ ಎಂದುಕೊಂಡು ಒಮ್ಮೆಲೇ ಬಾಯಿಗೆ ಹಾಕಿದ. ಸಾಸಿವೆಯ ಘಾಟು ಮೂಗಿಗೇರಿ, ಕಣ್ಣು ಮೂಗಿನಲ್ಲಿ ನೀರು ಸುರಿಸುತ್ತ ಕೂತ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಅಷ್ಟರಲ್ಲಿ ಇಬ್ಬರು ಹಡಗಿನವರು ಬಂದು ಜಾಗಕ್ಕಾಗಿ ಸುತ್ತ ನೋಡಿದರು. ಶಿವಾನಂದನ ಕುರ್ಚಿ ಹೋದೀತೆಂದು ಗುರುನಾಥನಿಗೆ ಗಾಬರಿ. ಲೋಕಲ್‌ನಲ್ಲಿ ಸೀಟು ಹಿಡಿಯಲು ನಾವೆಲ್ಲ ಕರ್ಚೀಫು ಹಾಕುತ್ತೇವಲ್ಲ, ಹಾಗೆ ಹಾಕಲು ಹೋದರೆ ಅವನ ಕರ್ಚೀಫು ಮೂಗಿನ ನೀರಿನಿಂದ ತೊಯ್ದು ಹೋಗಿತ್ತು. ಅದಕ್ಕೇ ಆ ಎರಡು ಕಡ್ಡಿಗಳನ್ನು ಎತ್ತಿ ಶಿವಾನಂದನ ಅನ್ನದ ನಡುವೆ ನೆಟ್ಟಗೆ ಚುಚ್ಚಿ ನಿಲ್ಲಿಸಿದ. ಜಾಗ ಹಿಡಿದಾಗಿದೆ ಎಂದು ಯಾರಿಗಾದರೂ ತಿಳಿಯಬೇಕು, ಅಷ್ಟೇ ಅವನ ಲೆಕ್ಕ.

ಹಡಗಿನವರು ಅದನ್ನು ನೋಡಿ ದೂರ ಸರಿದರು. ನಾವು ಮತ್ತೆ ಹರಟೆಗೆ ಬಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಮುದುಕ ಚಹಾ ತಂದವನು ಅಲ್ಲೇ ನಿಂತ. ಟ್ರೇ ಕೆಳಗಿಟ್ಟು ಬಾಗಿ ಎರಡೂ ಕಡ್ಡಿಗಳನ್ನು ಸರಕ್ಕನೆ ಕಿತ್ತ. ಖಾಲಿ ಕುರ್ಚಿಗೆ ತಲೆ ತಗ್ಗಿಸಿ ಏನೋ ಗೊಣಗಿದ. ಆಮೇಲೆ ನಮ್ಮ ಕಡೆ ತಿರುಗಿ ಮುಂಬಯಿ ಹಿಂದಿಯಲ್ಲಿ ಕೇಳಿದ, "ಕೌನ್ ಮರ್ ಗಯಾ?"

ಯಾರೂ ಸತ್ತಿಲ್ಲ, ಮದುವೆಯ ಊಟ ಎಂದು ವಾಸುದೇವ ನಗುತ್ತಲೇ ಹೇಳಿದ. ಮುದುಕ ನಗಲಿಲ್ಲ. ತಮ್ಮಲ್ಲಿ ಸತ್ತವರಿಗೆ ಇಡುವ ಅನ್ನದಲ್ಲಿ ಮಾತ್ರ ಕಡ್ಡಿಯನ್ನು ಹೀಗೆ ನಿಲ್ಲಿಸುತ್ತಾರೆ, ಬದುಕಿದ್ದವರ ಹೆಸರಿನಲ್ಲಿ ಯಾರೂ ಮಾಡುವುದಿಲ್ಲ ಎಂದು ಹೇಳಿ ಬಟ್ಟಲು ಎತ್ತಿಕೊಂಡು ಒಳಗೆ ಹೋದ. ಗುರುನಾಥ ಆಮೇಲೆ ಒಂದು ತುತ್ತೂ ಮುಟ್ಟಲಿಲ್ಲ. ನಾನು ಮಾತ್ರ ನನ್ನ ಪಾಲಿನದನ್ನು ತಿಂದು ಮುಗಿಸಿದೆ.

ಅಲ್ಲಿಂದ ನೇರವಾಗಿ ಜೋಗೇಶ್ವರಿಗೆ ಹೋದೆವು. ಚಾಳಿನವರು ನಮಗಾಗಿಯೇ ಕಾಯುತ್ತಿದ್ದಂತಿತ್ತು. ಶಿವಾನಂದ ಹೊಸ ಅಂಗಿ ಹಾಕಿಕೊಂಡು ಮಧ್ಯಾಹ್ನ ಹೊರಟಿದ್ದ. ಗಾಡಿ ತುಂಬಿದ್ದರಿಂದ ಬಾಗಿಲಲ್ಲಿ ಜೋತು ನಿಂತಿದ್ದ. ಅಂಧೇರಿಗೆ ಮುಂಚೆ ಹಳಿಯ ಪಕ್ಕದ ಕಂಬ ತಲೆಗೆ ಬಡಿದಿತ್ತು. ಅಂಧೇರಿಯ ಪ್ಲಾಟ್‌ಫಾರ್ಮಿನ ಮೇಲೆ ಮಲಗಿಸಿ, ಹೋಗಿಬಿಟ್ಟ ಎಂದು ಮುಖಕ್ಕೆ ಬಟ್ಟೆ ಹೊದಿಸಿದ್ದರಂತೆ. ಎಷ್ಟೋ ಹೊತ್ತಿನ ಮೇಲೆ ಆ ಬಟ್ಟೆ ಅಲುಗಿತಂತೆ. ಆಗ ಆಸ್ಪತ್ರೆಗೆ ಒಯ್ದಿದ್ದರು.

ನಾವು ಮೂವರೂ ಆಸ್ಪತ್ರೆಯಲ್ಲೇ ಉಳಿದೆವು. ಕಡ್ಡಿಯ ವಿಷಯ ನಮ್ಮ ನಮ್ಮಲ್ಲೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಶಿವಾನಂದ ಕಣ್ಣು ತೆರೆದ. ಗುರುನಾಥ ಅವನ ಕೈ ಹಿಡಿದುಕೊಂಡು, ಎದ್ದೇಳು, ಕಮಲಾ ಕಾಯುತ್ತಿದ್ದಾಳೆ ಎಂದು ಅಳುತ್ತಿದ್ದ. ಶಿವಾನಂದ ಅವನನ್ನೇ ನೋಡುತ್ತ, ತಡೆದು ತಡೆದು, ಆದರೆ ಸ್ಪಷ್ಟವಾಗಿ ಹೇಳಿದ:

"ಗುರು, ನಾ ಉಣ್ಣಾಕತ್ತಿದ್ದೆ. ಕಡ್ಡಿ ಯಾಕ ಕಿತ್ತಿದ್ರಿ? ಇನ್ನಾ ಹಸಿವಿತ್ತೋ."

ಮತ್ತೆ ಅವನು ಮಾತಾಡಲಿಲ್ಲ. ಅದರ ಮರುದಿನ ತೀರಿಕೊಂಡ.

ಈಗ ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನು ಕೇಳಿಕೊಂಡಿದ್ದೇನೆ. ಡಾಕ್ಟರು ಏನೂ ತಿನ್ನಿಸಬೇಡಿ ಎಂದಿದ್ದರು, ಹಸಿವೆ ಎಂದದ್ದು ಸಹಜ. ಜಪಾನಿನವರು ಕಡ್ಡಿಯಲ್ಲಿ ಉಣ್ಣುತ್ತಾರೆ ಎಂದು ವಾಸುದೇವ ಮೊದಲೇ ಅವನಿಗೆ ಹೇಳಿದ್ದಿರಬಹುದು, ಇದನ್ನೂ ಒಪ್ಪುತ್ತೇನೆ. ಆದರೆ ಕಡ್ಡಿಯನ್ನು ಕಿತ್ತದ್ದು? ಅದು ಗೊತ್ತಿದ್ದವರು ನಾವು ಮೂವರು, ಆ ಮುದುಕ, ಹೆಚ್ಚೆಂದರೆ ಆ ಇಬ್ಬರು ಹಡಗಿನವರು. ನಾವು ಯಾರೂ ಬಾಯಿ ಬಿಟ್ಟಿರಲಿಲ್ಲ. ಇಲ್ಲಿಗೆ ಬಂದಾಗ ನನ್ನ ಪ್ರಶ್ನೆಗಳು ನಿಂತುಬಿಡುತ್ತವೆ.

ಗುರುನಾಥ ವಿಜಾಪುರಕ್ಕೆ ಹೋಗಿ ಕಂಬದ ಸಂಗತಿಯನ್ನಷ್ಟೇ ಮನೆಯಲ್ಲಿ ಹೇಳಿ ಬಂದ. ಕಮಲಾ ಅಳಲಿಲ್ಲವಂತೆ, ಅವರು ಅವತ್ತು ಊಟ ಮಾಡಿದ್ದರೇ ಎಂದು ಶಿವಾನಂದನ ಬಗ್ಗೆ ಒಂದೇ ಮಾತು ಕೇಳಿದಳಂತೆ. ಆ ಮಾತು ಅವನನ್ನು ತಿಂದುಹಾಕಿತು. ಕಡ್ಡಿ ಚುಚ್ಚಿ ಶಿವಾನಂದನನ್ನು ಕೊಂದವನು ತಾನೇ ಎಂದು ಕೂತಲ್ಲಿ ನಿಂತಲ್ಲಿ ಹೇಳತೊಡಗಿದ. ವಾಸುದೇವ ಬೇರೆ ರೀತಿ ಸಮಾಧಾನ ಹೇಳುತ್ತಿದ್ದ. "ಹಾಗೆ ಯಾಕೆ ತಿಳಿಯುತ್ತಿ ಮಾರಾಯ? ನೀನು ಚುಚ್ಚುವಾಗ ಅವ ಆಗಲೇ ಹೋಗಿ ಆಗಿತ್ತು. ಕಡ್ಡಿ ಕಿತ್ತದ್ದಕ್ಕೆ ಎರಡು ದಿನದ ಮಟ್ಟಿಗೆ ವಾಪಸ್ ಬಂದ." ಇಬ್ಬರೂ ತೀರ್ಪಿಗಾಗಿ ನನ್ನ ಮುಖ ನೋಡುತ್ತಿದ್ದರು. ಹಿಂದಿನ ನಾನಾಗಿದ್ದರೆ ಇಬ್ಬರನ್ನೂ ಗದರಿಸುತ್ತಿದ್ದೆ.

ಒಂದು ರವಿವಾರ ಮಧ್ಯಾಹ್ನ ಗುರುನಾಥ ನಮ್ಮಿಬ್ಬರನ್ನೂ ಮತ್ತೆ ಅಲ್ಲಿಗೆ ಕರೆದುಕೊಂಡು ಹೋದ. ಮೂವರು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ವಾಸುದೇವ ನಡೆದುದನ್ನೆಲ್ಲ ಮುದುಕನಿಗೆ ಹೇಳಿದ. ಅವನು ಕೇಳಿಸಿಕೊಂಡು ಒಳಗೆ ಹೋಗಿ, ಬಿಸಿ ಅನ್ನವನ್ನು ಬಟ್ಟಲ ತುಂಬ ತಂದು ನಾಲ್ಕನೆಯ ಕುರ್ಚಿಯ ಮುಂದಿಟ್ಟ. ಕಡ್ಡಿಗಳನ್ನು ಗುರುನಾಥನ ಕೈಗೆ ಕೊಟ್ಟು ಹಿಂದೆ ಸರಿದು ನಿಂತ.

ಗುರುನಾಥ ಎರಡನ್ನೂ ಅನ್ನದ ನಡುವೆ ನೆಟ್ಟಗೆ ನಿಲ್ಲಿಸಿದ.

"ಶಿವ್ಯಾ, ಹೊಟ್ಟಿ ತುಂಬ ಉಣ್ಣು," ಎಂದ. "ಈ ಸಲ ಯಾರೂ ಕೀಳಂಗಿಲ್ಲ."

ನಾವು ಮೂವರೂ ಅವನ ಊಟ ಮುಗಿಯಲೆಂದು ಕೂತೆವು. ಅನ್ನದ ಹಬೆ ನಿಂತಿತು, ಚಹಾ ಆರಿತು, ಉಳಿದ ಗಿರಾಕಿಗಳೆಲ್ಲ ಎದ್ದು ಹೋದರು. ಎಷ್ಟು ಹೊತ್ತು ಕಾಯಬೇಕೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.