ಜಂಗು ಬಿಡಿಸುವ ಗುಳಿಗೆ

ಮೋರಟಗಿಯ ರಸೂಲಸಾಬ ಸಿಂದಗಿ ಮಾರುಕಟ್ಟೆಯಲ್ಲಿ ಹಮಾಲ. ಕ್ವಿಂಟಲ್ ಚೀಲ ಬೆನ್ನಿಗೇರಿಸಿ ಲಾರಿ ಹತ್ತುವುದು ಹೊಟ್ಟೆಪಾಡು. ಕಾರಹುಣ್ಣಿಮೆಗೆ ಊರ ಗುಂಡುಕಲ್ಲು ಎತ್ತುವುದು ಮರ್ಯಾದೆ. ಹದಿನಾಲ್ಕು ವರ್ಷ ಎತ್ತಿದ್ದ. 2002ರಲ್ಲಿ ಮಾತ್ರ ಕಲ್ಲು ಮೊಣಕಾಲು ದಾಟಲಿಲ್ಲ. ಆಗ ಅವನಿಗೆ ನಲವತ್ತು.

ಊರ ತಾಲೀಮು ಮನೆಯ ಗುರು, ವಸ್ತಾದ ಕಾಳಪ್ಪನದು ಒಂದೇ ಪದ್ಧತಿ. ಕಲ್ಲು ಎತ್ತಿದವನ ಮೈಯನ್ನು ಮರುದಿನ ಹೆಬ್ಬೆರಳಿನಿಂದ ಒತ್ತುವನು. ಮುಖ ಕಿವುಚಿದವನು ಅಂದು ಮನೆಗೆ.

"ನೋವು ಅಂದ್ರ ಮೈ ಕಲಿಯಾಕತ್ತೈತಿ. ಕಲಿಯೂತನಕ ಕಲ್ಲ ಮುಟ್ಟಬ್ಯಾಡ."

ಮರು ವರ್ಷ ಹುಣ್ಣಿಮೆ ಹತ್ತಿರ ಬಂದಾಗ ರಸೂಲಸಾಬನಿಗೆ ಹಾಗೆ ಕಾಯುವಷ್ಟು ಪುರಸೊತ್ತಿರಲಿಲ್ಲ. ಸಿಂದಗಿಯ ಔಷಧಿ ಅಂಗಡಿಯ ಶಕೀಲ ಒಂದು ಡಬ್ಬಿ ಕೊಟ್ಟ.

"ಭಾರ ಎತ್ತಿದ್ರ ಕಬ್ಬಿಣಕ್ಕ ಹತ್ತಿದಂಗ ಮೈಯೊಳಗೂ ಜಂಗು ಹತ್ತತೈತಿ, ಕಾಕಾ. ಇದು ಬಿಡಸ್ತೈತಿ. ದಿನಕ್ಕ ಒಂದ. ಉಚ್ಚಿ ಹಳದಿ ಆಗತೈತಿ, ಅಂಜಬ್ಯಾಡ್ರಿ."

ಅವನು ದಿನಕ್ಕೆ ಮೂರು ನುಂಗಿದ. ನೋವು ಕಡಿಮೆಯಾಗಲಿಲ್ಲ; ನೋವಿನ ಅಂಜಿಕೆ ಹೋಯಿತು. ವಸ್ತಾದ ಒತ್ತಿದರೆ ನಕ್ಕ.

"ಕಲ್ಲಾಗೀಯೇನಲೇ ರಸೂಲ್ಯಾ?"

"ನೀವ ಮಾಡೀರಲ್ರಿ, ವಸ್ತಾದರ."

ಹುಣ್ಣಿಮೆಗೆ ಎರಡು ದಿನ ಮೊದಲು, ಬಿಸಿಲಲ್ಲಿ ಲಾರಿ ತುಂಬಿ ಬಂದವನು ನೀರೂ ಸರಿಯಾಗಿ ಕುಡಿಯದೆ ತಾಲೀಮಿನ ಸಣ್ಣ ಕಲ್ಲನ್ನು ಅರವತ್ತು ಸಲ ಎತ್ತಿದ. ಬೆಳಿಗ್ಗೆ ತೊಡೆಗಳು ಹಲಗೆಯಂತೆ ಬಿಗಿದಿದ್ದವು. ಬಚ್ಚಲದ ಫರಸಿ ಕಲ್ಲಿನ ಮೇಲೆ ಹಾಲಿಲ್ಲದ ಚಹಾದ ಬಣ್ಣದ ಉಚ್ಚೆ ಹರಿಯಿತು. ಮಧ್ಯಾಹ್ನ ಇನ್ನೂ ಕಪ್ಪಗೆ, ಒಂದು ಗುಟುಕಿನಷ್ಟು. ಆಮೇಲೆ ಏನೂ ಬರಲಿಲ್ಲ.

"ಬಚ್ಚಲದಾಗ ಏನ್ ಚೆಲ್ಲೀರಿ?" ಹೆಂಡತಿ ಇಮಾಮಬಿ ಕೇಳಿದಳು.

"ಗುಳಿಗಿ ಬಣ್ಣ ಅದು."

ಅವಳು ಗೂಡಿನಿಂದ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ಸಾಸಿವೆ ಇತ್ತು. "ಗುಳಿಗಿ ತೀರಿ ಐದ ದಿನ ಆತು. ಮರುದಿನಾನ ಹಳದಿ ಹೋತು ಅಂತ ನೀವ ಹೇಳಿದ್ರಿ."

ರಸೂಲಸಾಬ ಸಾಸಿವೆಯನ್ನೇ ನೋಡುತ್ತ ಕೂತ. ದಿನಗಳನ್ನು ಬೆರಳಲ್ಲಿ ಎಣಿಸಿದ. ಅವಳ ಲೆಕ್ಕ ಸರಿಯಾಗಿತ್ತು.

ಸಂಜೆ ತಾಲೀಮಿಗೆ ಬರಲಿಲ್ಲವೆಂದು ಕಾಳಪ್ಪನೇ ಮನೆಗೆ ಬಂದ. ಹತ್ತಿರ ಕೂತು, ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದ. ರಸೂಲಸಾಬ ರೂಢಿಯಂತೆ ನಗಲು ನೋಡಿದ.

ವಸ್ತಾದ ಬೆರಳು ತೆಗೆದ. ಒತ್ತಿದ ಕುಳಿ ಹಾಗೆಯೇ ಉಳಿಯಿತು. ಮೂವರೂ ಅದನ್ನೇ ನೋಡಿದರು. ಅದು ತುಂಬಲಿಲ್ಲ.

"ಇಮಾಮಬಿ, ಅರಿಬಿ ಕಟ್ಟವಾ," ಎಂದ ಕಾಳಪ್ಪ, ಮೆಲ್ಲಗೆ. "ನಾ ಜೀಪ್ ತರ್ತೇನಿ. ಮೈಯಾಗ ನೀರು ನಿಂತೈತಿ, ವಿಜಾಪುರದ ದೊಡ್ಡ ದವಾಖಾನಿಗೆ ಹೋಗೂಣು."